ಒಣ ಬೋಲ್ಟು

ಗುಡ್ಡದ ಏರಿನ ಎರಡನೇ ತಿರುವಿನಲ್ಲಿ ವ್ಯಾನು ಮತ್ತೆ ಕೈಕೊಟ್ಟಿತು. ಅವಳು ಸೆಕೆಂಡ್ ಗೇರಿಗೆ ಇಳಿಸಿದಳು, ಫಸ್ಟಿಗೆ ಇಳಿಸಿದಳು, ಆಕ್ಸಿಲರೇಟರನ್ನು ನೆಲಕ್ಕೆ ತಾಗುವಷ್ಟು ಒತ್ತಿದಳು. ಶಬ್ದವಿಲ್ಲ, ಹೊಗೆಯಿಲ್ಲ, ಇರಬೇಕಾದ ಬಲ ಮಾತ್ರ ಇಲ್ಲ. ಸ್ಟಿಯರಿಂಗಿನ ಹಿಂದೆ ಎಂಜಿನ್ನಿನ ಹಳದಿ ದೀಪ ಹತ್ತಿಕೊಂಡು ಕೂತಿತ್ತು, ಅದರ ಪಕ್ಕದಲ್ಲಿ ಶಾಖದ ಮುಳ್ಳು ನಿಧಾನವಾಗಿ ಮೇಲೇರುತ್ತಿತ್ತು. ಹಿಂದಿದ್ದ ಲಾರಿಯೊಂದು ಹಾರ್ನ್ ಹೊಡೆದು ಹೊಡೆದು ಸಾಕಾಗಿ, ಪಕ್ಕದಿಂದ ನುಗ್ಗಿ ಮುಂದೆ ಹೋಯಿತು.

"ನಾನು ಇಳಿದು ನಡೀಲಾ ಡ್ರೈವರಮ್ಮ? ಒಂದಾಳಿನ ಭಾರ ಕಮ್ಮಿ ಆಗುತ್ತೆ," ಎಂದ ಹಿಂದಿನ ಸೀಟಿನಿಂದ ಟೇಲರ್.

"ನೀವು ಇಳಿದ್ರೆ ನಾನೂ ಇಳೀತೀನಿ. ಆಮೇಲೆ ವ್ಯಾನ್ ಒಂದೇ ಹೋಗಿ ರಕ್ತ ತೊಳೆಸ್ಕೊಂಡು ಬರಲಿ."

ಎಲ್ಲರೂ ನಕ್ಕರು. ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಅವಳನ್ನು ಬಿಟ್ಟರೆ ವ್ಯಾನಿನಲ್ಲಿದ್ದವರು ನಾಲ್ವರು, ನಾಲ್ವರದೂ ಕಿಡ್ನಿ ಕೆಟ್ಟಿತ್ತು. ವಾರಕ್ಕೆ ಮೂರು ಸಲ ಗುಡ್ಡದ ಮೇಲಿನ ಆಸ್ಪತ್ರೆಗೆ ಹೋಗಿ, ಡಯಾಲಿಸಿಸ್ ಮೆಷಿನ್ನಿನ ಪಕ್ಕ ಮಲಗಿ, ಇಳಿಹೊತ್ತಿಗೆ ಸುಸ್ತಾಗಿ ವಾಪಸಾಗುವುದು ಅವರ ಬದುಕು. ಟೇಲರನ ಪಾದಗಳು ಎಷ್ಟು ಊದಿಕೊಂಡಿದ್ದವೆಂದರೆ, ಅವನು ಬೂಟಿನ ಲೇಸು ಬಿಚ್ಚಿಟ್ಟು ಸುಮ್ಮನೆ ಪಾದ ತೂರಿಸಿಕೊಂಡು ಬರುತ್ತಿದ್ದ. ಅಂಥವನು ಇಳಿದು ನಡೆಯುತ್ತೇನೆ ಎಂದಿದ್ದ. ಅವಳು ವ್ಯಾನನ್ನು ಅಂಚಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಎಂಜಿನ್ ತಣ್ಣಗಾಗುವವರೆಗೆ ಕೈಕಟ್ಟಿ ನಿಂತಳು.

ಆಸ್ಪತ್ರೆ ಮುಟ್ಟಿದಾಗ ಟೇಲರನ ಮೆಷಿನ್ನನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಅವನು ಬೆಂಚಿನ ಮೇಲೆ ಕೂತು ಸಂಜೆಯ ಸರದಿಗೆ ಕಾಯಬೇಕಾಯಿತು. ವಾರ್ಡಿನ ಹಿರಿಯ ನರ್ಸ್ ಅವಳನ್ನು ಬಾಗಿಲ ಬಳಿ ಕರೆದು, ದನಿ ಏರಿಸದೆಯೇ ಹೇಳಿದರು: "ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲಮ್ಮ. ಆದ್ರೆ ನಾಡಿದ್ದೂ ಹೀಗೇ ಆದ್ರೆ ಬೇರೆ ವ್ಯಾನ್ ನೋಡ್ತೀವಿ. ಇವರಿಗೆ ಅರ್ಧ ದಿನ ತಡ ಅಂದ್ರೆ ಏನು ಅಂತ ನಿಮಗೆ ಗೊತ್ತಲ್ಲ."

"ಗೊತ್ತು. ನಾಡಿದ್ದು ಹೀಗಾಗಲ್ಲ," ಎಂದಳು. ಹೇಗೆ ಆಗುವುದಿಲ್ಲ ಎಂಬುದು ಮಾತ್ರ ಅವಳಿಗೆ ಆಗ ಗೊತ್ತಿರಲಿಲ್ಲ.

ಗಂಡ ಮೆಕ್ಯಾನಿಕ್ ಆದರೆ ಹೆಂಡತಿಯ ಗಾಡಿ ಎಲ್ಲರ ಗಾಡಿ ಮುಗಿದ ಮೇಲೆ ರಿಪೇರಿಯಾಗುತ್ತದೆ ಎಂದು ಅವಳು ತಮಾಷೆ ಮಾಡುವುದಿತ್ತು. ಈ ವಿಷಯದಲ್ಲಿ ಹಾಗೆ ದೂರುವಂತಿರಲಿಲ್ಲ. ಅವನು ಈ ದೀಪದ ಹಿಂದೆ ಬಿದ್ದು ತಿಂಗಳಾಗಿತ್ತು. ಮೊದಲು ದೀಪ ಹತ್ತಿದಾಗ ಎಂಜಿನ್ನಿನ ನಾಕ್ ಸೆನ್ಸರ್ ನಿಜಕ್ಕೂ ಹೋಗಿತ್ತು. ಅದರ ಪ್ಲಾಸ್ಟಿಕ್ ಸೀಳು ಬಿಟ್ಟು ಒಳಗೆ ನೀರಿಳಿದಿತ್ತು. ಹೊಸದು ಹಾಕಿದ. ದೀಪ ಆರಿ, ಎರಡು ದಿನಕ್ಕೆ ಮತ್ತೆ ಹತ್ತಿತು. ಇನ್ನೊಂದು ಹೊಸದು ಹಾಕಿದ. ಅದೇ ಕಥೆ.

ಮನೆಯ ಹಿಂದಿನ ತಗಡಿನ ಶೆಡ್ಡೇ ಅವರ ಗ್ಯಾರೇಜು. ರಾತ್ರಿ ಟೇಲರನನ್ನೂ ಮನೆ ಮುಟ್ಟಿಸಿ ಅವಳು ವ್ಯಾನನ್ನು ಒಳಗೆ ತಂದು ನಿಲ್ಲಿಸಿದಾಗ ಗಂಡ ಸ್ಕ್ಯಾನರಿನ ವಯರನ್ನು ಸಿಕ್ಕಿಸಿ, ಅದರ ಪರದೆ ನೋಡಿ, ನಾಲಿಗೆ ಲೊಚಗುಟ್ಟಿದ.

"ಮತ್ತೆ ನಾಕ್ ಸೆನ್ಸರ್. ಆ ಅಂಗಡಿಯವನು ಕಳಪೆ ಮಾಲು ಕೊಟ್ಟು ನನ್ನ ಮಾನ ಕಳೀತಿದ್ದಾನೆ. ಬೇರೆ ಅಂಗಡಿಯಿಂದ ಮೂರನೇದು ತರ್ತೀನಿ."

"ಮೂರನೇದು ಬೇಡ."

"ಬೇಡ ಅಂದ್ರೆ? ಸ್ಕ್ಯಾನರೇ ಹೇಳ್ತಿದೆ."

"ಕಿವಿ ಕೇಳಿಸ್ತಿಲ್ಲ ಅಂತ ಹೇಳ್ತಿದೆ. ಕಿವಿ ಕೆಟ್ಟಿದೆ ಅಂತ ಹೇಳ್ತಿದೆಯಾ? ಕಿವಿಗೆ ಹತ್ತಿ ಇಟ್ಕೊಂಡವನೂ ಕೇಳಿಸಲ್ಲ ಅಂತಾನೇ ಹೇಳೋದು."

ಸೆನ್ಸರನ್ನು ಎಂಜಿನ್ನಿನ ಕಿವಿ ಎಂದು ಅವಳಿಗೆ ಹೇಳಿಕೊಟ್ಟವನು ಅವನೇ. ಸಿಲಿಂಡರಿನೊಳಗೆ ಪೆಟ್ರೋಲು ತನ್ನ ಸರದಿಗೆ ಕಾಯದೆ ತಾನೇ ಹೊತ್ತಿಕೊಂಡರೆ ಪಿಸ್ಟನ್ನಿನ ತಲೆಗೆ ಪೆಟ್ಟು ಬೀಳುತ್ತದೆ. ಆ ಪೆಟ್ಟಿಗೆ ಎಂಜಿನ್ ಬ್ಲಾಕ್ ನಡುಗುತ್ತದೆ. ಬ್ಲಾಕಿಗೆ ಬಿಗಿದಿರುವ ಸೆನ್ಸರಿನ ಹರಳು ಆ ನಡುಕಕ್ಕೆ ಚೂರೇ ಚೂರು ಕರೆಂಟು ಹುಟ್ಟಿಸಿ ಕಂಪ್ಯೂಟರಿಗೆ ಕಳಿಸುತ್ತದೆ. ಕಂಪ್ಯೂಟರು ಕಿಡಿಯನ್ನು ತುಸು ತಡಮಾಡಿ ಎಂಜಿನ್ನನ್ನು ಕಾಪಾಡುತ್ತದೆ. ಎಂಜಿನ್ ಓಡುವಾಗ ಪೆಟ್ಟು ಬೀಳದಿದ್ದರೂ ಒಂದಿಷ್ಟು ಗದ್ದಲ ಇದ್ದೇ ಇರುತ್ತದೆ. ಅದೂ ಕೇಳಿಸದೇ ಹೋದರೆ ಕಂಪ್ಯೂಟರು ಗಾಬರಿ ಬಿದ್ದು, ದೀಪ ಹೊತ್ತಿಸಿ, ಯಾವುದಕ್ಕೂ ಇರಲಿ ಎಂದು ಕಿಡಿಯನ್ನು ಸದಾ ತಡವಾಗಿಯೇ ಬಿಡುತ್ತದೆ. ಚಪ್ಪಟೆ ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ. ನಾಲ್ಕು ಜನರನ್ನು ಹೊತ್ತು ಗುಡ್ಡ ಹತ್ತುವಾಗ ಗೊತ್ತಾಗುತ್ತದೆ.

"ಸರಿ ಡ್ರೈವರಮ್ಮೋರೆ," ಎಂದು ಅವನು ಅಂಗಿಯ ತೋಳು ಮಡಚಿದ. "ನೀವು ಹೇಳಿದ ಹಾಗೇ ಆಗ್ಲಿ. ಎಲ್ಲಿಂದ ಶುರು ಮಾಡೋಣ?"

"ತಟ್ಟಿ ನೋಡಿ."

ಮೊದಲು ವಯರು ನೋಡಿದರು. ತುಂಡಾಗಿರಲಿಲ್ಲ, ಕನೆಕ್ಟರಿನಲ್ಲಿ ಹಸಿರು ಕಿಲುಬೂ ಇರಲಿಲ್ಲ. ಆಮೇಲೆ ಅವಳು ಒಳಗೆ ಕೂತು ಎಂಜಿನ್ನಿಗೆ ಸ್ವಲ್ಪ ರೇಸ್ ಕೊಟ್ಟು ಹಿಡಿದಳು. ಅವನು ಸಣ್ಣ ಸುತ್ತಿಗೆಯಿಂದ ಸೆನ್ಸರಿನ ಹತ್ತಿರ ಬ್ಲಾಕಿಗೆ ಟಕಟಕ ತಟ್ಟಿದ. ತಟ್ಟಿದರೆ ಪೆಟ್ಟು ಬಿತ್ತೆಂದುಕೊಂಡು ಕಂಪ್ಯೂಟರು ಕಿಡಿಯ ಟೈಮಿಂಗ್ ಇಳಿಸಬೇಕು, ಸ್ಕ್ಯಾನರಿನ ಅಂಕಿ ಕುಸಿಯಬೇಕು. ಅಂಕಿ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ನೋಡು, ಸತ್ತಿದೆ," ಎಂದ ಅವನು.

"ಬಿಚ್ಚಿ ಕೊಡಿ. ಕೈಯಲ್ಲಿ ಹಿಡಿದು ನೋಡೋಣ."

ಆ ಎಂಜಿನ್ನಿನಲ್ಲಿ ಸೆನ್ಸರಿನ ಜಾಗ ಎಂದರೆ ಕಣ್ಣಿಗೆ ಕಾಣದ ಮೂಲೆ. ಎಂಜಿನ್ನಿನ ಹಿಂಬದಿಯಿಂದ ಮೊಣಕೈವರೆಗೆ ತೋಳು ತೂರಿಸಿ, ಬೆರಳಿನಲ್ಲೇ ಹುಡುಕಿ ಬಿಚ್ಚಬೇಕು. ಅವನು ಮುಖ ಕಿವುಚಿಕೊಂಡು ಬಿಚ್ಚಿ ತಂದು ಅವಳ ಕೈಗಿಟ್ಟ. ನಡುವೆ ತೂತಿರುವ, ಬೆಲ್ಲದ ಅಚ್ಚಿನಷ್ಟು ಚಿಕ್ಕ ಕಪ್ಪು ವಸ್ತು. ತೂತಿನಲ್ಲಿ ಅದರ ಬೋಲ್ಟು. ಅವಳು ಮೀಟರಿನ ಎರಡು ಕಡ್ಡಿಗಳನ್ನು ಸಿಕ್ಕಿಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ಅದರ ಮೈಗೆ ಮೆಲ್ಲನೆ ತಟ್ಟಿದಳು. ಮೀಟರಿನ ಅಂಕಿ ನೆಗೆಯಿತು. ಇನ್ನೊಮ್ಮೆ ತಟ್ಟಿದಳು. ಇನ್ನೊಮ್ಮೆ ನೆಗೆಯಿತು.

"ಬದುಕಿದೆಯಲ್ರೀ ಇದು!"

ಅವನು ನಂಬಿಕೆಯಾಗದೆ ತಾನೇ ತಟ್ಟಿ ನೋಡಿದ. ಹಾಗಾದರೆ ಸೆನ್ಸರಿಗೆ ಕೇಳಿಸುತ್ತದೆ, ವಯರು ಒಯ್ಯುತ್ತದೆ, ಬ್ಲಾಕಿನಲ್ಲಿ ನಡುಕವಿದೆ; ಬ್ಲಾಕಿಗೂ ಸೆನ್ಸರಿಗೂ ನಡುವೆ ಎಲ್ಲೋ ಆ ನಡುಕ ಕಳೆದುಹೋಗುತ್ತಿದೆ. ಅವಳು ಸೆನ್ಸರನ್ನು ತಿರುವಿ ಹಾಕಿದಳು. ಬ್ಲಾಕಿಗೆ ಅಂಟಿ ಕೂರಬೇಕಾದ ಅದರ ತಳದಲ್ಲಿ ಒಂದು ತಾಮ್ರದ ವಾಷರ್ ಇತ್ತು. ವಾಷರಿನ ಎರಡೂ ಬದಿಗೆ, ಒಂದು ಕಡೆಯೂ ಬಿಡದ ಹಾಗೆ, ನುಣ್ಣಗೆ ಹಳದಿ ಗ್ರೀಸ್ ಸವರಿತ್ತು.

ಇಬ್ಬರ ಕಣ್ಣೂ ಒಟ್ಟಿಗೇ ಬಾಗಿಲ ಪಕ್ಕದ ಸ್ಟೂಲಿನ ಕಡೆ ಹೋಯಿತು. ಸ್ಟೂಲು ಖಾಲಿಯಿತ್ತು, ಅತ್ತೆ ಟೀ ಮಾಡಲು ಒಳಗೆ ಹೋಗಿದ್ದರು. ಅದರ ಮುಂದೆ ಅವರ ಸ್ಟೀಲಿನ ತಟ್ಟೆ, ಗ್ರೀಸಿನ ಡಬ್ಬಿ, ವಾಷರಿನ ಬಾಟಲಿಗಳು ಸಾಲಾಗಿದ್ದವು.

ಆ ಗ್ಯಾರೇಜಿನಲ್ಲಿ ಯಾವ ಬೋಲ್ಟೂ ಅತ್ತೆಯ ತಟ್ಟೆಯನ್ನು ದಾಟದೆ ಗಾಡಿಗೆ ಹೋಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವರ ಗಂಡ ತುಕ್ಕು ಹಿಡಿದ ಬೋಲ್ಟೊಂದನ್ನು ಬಿಚ್ಚಲು ಹೋಗಿ, ಸ್ಪ್ಯಾನರ್ ಜಾರಿ, ಬಲಗೈ ಹೆಬ್ಬೆರಳಿನ ನರ ಕತ್ತರಿಸಿಕೊಂಡಿದ್ದರು. ಆ ಕೈ ಆಮೇಲೆ ಪೂರ್ತಿ ಮುಷ್ಟಿ ಕಟ್ಟಲೇ ಇಲ್ಲ. ಅವತ್ತಿನಿಂದ ಅತ್ತೆ ಸ್ಟೂಲು ಹಾಕಿ ಕೂತವರು. ಬೋಲ್ಟನ್ನು ತೊಳೆದು, ಅದಕ್ಕೊಂದು ವಾಷರ್ ಹುಡುಕಿ, ಗ್ರೀಸ್ ಸವರಿ, ಕೈ ಚಾಚಿದವರ ಕೈಗೆ ಇಡುವುದು ಅವರ ಕೆಲಸ. ಈ ಗ್ಯಾರೇಜಿನಿಂದ ಒಣ ಬೋಲ್ಟು ಆಚೆ ಹೋಗಬಾರದು ಎಂಬುದು ಅವರ ಕಾನೂನು. ಗಂಡ ತೀರಿಕೊಂಡ ಮೇಲೂ, ಅವರ ನೀಲಿ ಕೆಲಸದ ಕೋಟನ್ನೇ ತೊಟ್ಟು, ಅವರು ಆ ಜಾಗ ಬಿಟ್ಟಿರಲಿಲ್ಲ. ಇತ್ತ ಮಗ ಚಿಕ್ಕಂದಿನಿಂದಲೂ ನೋಡದೆಯೇ ಕೈ ಚಾಚುವವನು. ಕೈಗೆ ಬಂದದ್ದನ್ನು ನೋಡದೆಯೇ ಹಾಕುವವನು. ಸೆನ್ಸರನ್ನು ಅಳತೆಯ ಸ್ಪ್ಯಾನರಿನಿಂದ ಇಷ್ಟೇ ಬಿಗಿ ಮಾಡಬೇಕೆಂದು ತಿಳಿದು, ಹಾಗೇ ಮಾಡಿಯೂ ಅವನು ಎಡವಿದ್ದು ಇಲ್ಲಿ.

"ನೋಡು," ಎಂದು ಅವನು ದನಿ ತಗ್ಗಿಸಿದ. "ಅಮ್ಮನಿಗೆ ಹೇಳೋದು ಬೇಡ. ವಾಷರ್ ಕಿತ್ತು, ಒರೆಸಿ ಹಾಕ್ತೀನಿ. ಮುಗೀತು."

"ಮುಂದಿನ ಸಲ?"

"ಮುಂದಿನ ಸಲಾನೂ ಒರೆಸಿ ಹಾಕ್ತೀನಿ."

"ಬೇಕರಿಯವನ ಕಾರು? ಆ ಇಬ್ಬರು ಟ್ಯಾಕ್ಸಿಯವರು? ಅವರಿಗೂ ಸೆನ್ಸರ್ ಹಾಕಿದ್ರಲ್ಲ. ಬೇಕರಿಯವನು ಗಾಡಿ ಎಳೀತಿಲ್ಲ ಅಂತ ಬಂದಾಗ ಪೆಟ್ರೋಲ್ ಸರಿಯಿಲ್ಲ ಅಂತ ಸಾಗಹಾಕಿದ್ರಿ."

ಅವನು ಸುತ್ತಿಗೆಯನ್ನು ಅದರ ಜಾಗದಲ್ಲಿ ತೂಗುಹಾಕಿದ, ಮತ್ತೆ ತೆಗೆದ. "ನಿಂಗೆ ಗೊತ್ತಿಲ್ವಾ? ಆ ಸ್ಟೂಲ್ ಒಂದೇ ಅಮ್ಮಂಗೆ ಉಳಿದಿರೋದು. ಅವಳು ಮಾಡಿದ್ದು ತಪ್ಪು ಅಂದ್ರೆ ನಾಳೆಯಿಂದ ಒಳಗೆ ಕೂತು ಗೋಡೆ ನೋಡ್ತಾಳೆ."

ಅವಳಿಗೂ ಅದೇ ಭಯ. ಈ ಮನೆಗೆ ಬಂದ ಹೊಸದರಲ್ಲಿ, ಹೆಣ್ಣುಮಗಳು ವ್ಯಾನು ಓಡಿಸುವುದೇ ಎಂದು ನೆಂಟರು ಮೂಗು ಮುರಿದಾಗ, ಕೀ ತಂದು ಅವಳ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದವರು ಅತ್ತೆ. 'ಓಡಿಸೋಕೆ ಮೀಸೆ ಬೇಕಾ?' ಎಂದು ಎಲ್ಲರ ಬಾಯಿ ಮುಚ್ಚಿಸಿದವರೂ ಅವರೇ. ಅಂಥವರಿಗೆ ಈ ಮಾತು ಹೇಳುವುದೆಂದರೆ ನಾಲಿಗೆ ಏಳುತ್ತಿರಲಿಲ್ಲ. ಆದರೆ ಬೆನ್ನ ಹಿಂದೆ ಒರೆಸಿ ಹಾಕುವುದು, ಅವರನ್ನು ಸ್ಟೂಲಿನ ಮೇಲೆ ಗೊಂಬೆ ಕೂರಿಸಿದ ಹಾಗೆ ಕೂರಿಸಿಕೊಳ್ಳುವುದು, ಅದು ಇನ್ನೂ ಕೆಟ್ಟದ್ದು ಎಂದು ಅವಳಿಗೆ ಖಚಿತವಾಗಿ ಅನಿಸಿತು.

ಅತ್ತೆ ಟೀ ತಂದರು. ಅವಳು ಲೋಟ ತೆಗೆದುಕೊಂಡು ಕೆಳಗಿಟ್ಟಳು. ಸೆನ್ಸರನ್ನೂ ವಾಷರನ್ನೂ ಅತ್ತೆಯ ತಟ್ಟೆಯಲ್ಲಿಟ್ಟಳು.

"ಅತ್ತೆ, ಇದು ಕೆಟ್ಟಿಲ್ಲ. ಮೊದಲು ಹಾಕಿದ್ದೂ ಕೆಟ್ಟಿರಲಿಲ್ಲ ಅಂತ ಕಾಣುತ್ತೆ. ಮಧ್ಯೆ ಈ ವಾಷರ್ ಇತ್ತು, ಗ್ರೀಸ್ ಇತ್ತು. ಅದಕ್ಕೇ ಕೇಳಿಸ್ತಿರಲಿಲ್ಲ."

ಅತ್ತೆ ವಾಷರನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. "ಸರಿಯಾಗೇ ಇದೆಯಲ್ಲ. ಅಳತೆ ನೋಡಿ ಹಾಕಿದ್ದೀನಿ."

"ಅಳತೆ ಸರಿ ಇದೆ. ಇದಕ್ಕೆ ವಾಷರೇ ಬೇಡ. ಸೆನ್ಸರು ಬ್ಲಾಕಿಗೆ ಮೈಗೆ ಮೈ ತಾಗಿ ಕೂರಬೇಕು. ಮಧ್ಯೆ ಏನಿದ್ರೂ ನಡುಕ ಅದರಲ್ಲೇ ಇಂಗಿ ಹೋಗುತ್ತೆ. ಬೋಲ್ಟೂ ಒಣಗಿರಬೇಕು."

"ಒಣ ಬೋಲ್ಟು ಈ ಗ್ಯಾರೇಜಿಂದ ಯಾವತ್ತೂ ಹೋಗಿಲ್ಲ."

"ಇದೊಂದು ಹೋಗಬೇಕು ಅತ್ತೆ."

"ಯಾರು ಹೇಳಿದ್ದು ನಿಂಗೆ?"

"ಯಾರೂ ಹೇಳಿಲ್ಲ. ತಟ್ಟಿ ನೋಡಿದ್ವಿ. ಬನ್ನಿ, ನೀವೂ ನೋಡಿ."

ಅತ್ತೆ ಬರಲಿಲ್ಲ. ವಾಷರನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ಮಗನ ಮುಖವನ್ನು ಒಮ್ಮೆ ನೋಡಿದರು. ಅವನು ನೆಲ ನೋಡುತ್ತಿದ್ದ. ಗ್ರೀಸಿನ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿ, ಎದ್ದು, ಒಳಗೆ ಹೋದರು. ಅವರ ಟೀ ಸ್ಟೂಲಿನ ಪಕ್ಕದಲ್ಲೇ ಆರಿತು.

ಮರುದಿನ ಅವರು ಗ್ಯಾರೇಜಿಗೆ ಬರಲಿಲ್ಲ. ಊಟಕ್ಕೆ ಕರೆದರೆ ಬಂದು, ಉಂಡು, ತಟ್ಟೆ ತೊಳೆದು ಹೋದರು. ಕೋಟು ಕೋಣೆಯ ಮೊಳೆಗೆ ತೂಗುತ್ತಿತ್ತು. ಮಗನಿಗೆ ಬೆಳಗಿನಿಂದ ಒಂದು ಬೋಲ್ಟೂ ಸಿಗಲಿಲ್ಲ. ಯಾವ ಬಾಟಲಿಯಲ್ಲಿ ಯಾವುದಿದೆ ಎಂಬುದು ಅವರ ತಲೆಯಲ್ಲಿತ್ತೇ ಹೊರತು ಬಾಟಲಿಯ ಮೇಲಿರಲಿಲ್ಲ. ಅವನು ಅಭ್ಯಾಸಬಲದಿಂದ ಬಾಗಿಲ ಕಡೆ ಕೈ ಚಾಚುವುದು, ಕೈ ಖಾಲಿ ಇರುವುದನ್ನು ನೋಡಿ ಬೈದುಕೊಳ್ಳುವುದು ನಡೆದೇ ಇತ್ತು.

"ಸಮಾಧಾನ ಆಯ್ತಾ?" ಎಂದ ಸಂಜೆ. "ನಾನು ಹೇಳಿದ್ದೆ. ತಟ್ಟೇಲಿರೋ ಆ ಸೆನ್ಸರ್ ಹಾಕಿಬಿಡ್ತೀನಿ."

"ನಾಳೆ ಬೆಳಗ್ಗೆ ತನಕ ಇರಲಿ."

"ಅಮ್ಮ ಬರಲ್ಲ ಕಣೇ. ನಂಗೆ ಗೊತ್ತು ಅವಳ ಹಠ."

"ನನ್ನ ಹಠ ನಿಮಗೆ ಗೊತ್ತಿಲ್ಲ. ಬರದಿದ್ರೆ ನಾನೇ ಹಾಕ್ಕೊಂಡು ಹೋಗ್ತೀನಿ. ಟೇಲರನ್ನ ಈ ಸಲ ಬೆಂಚಿನ ಮೇಲೆ ಕೂರಿಸಲ್ಲ. ಆದ್ರೆ ಬೆಳಗ್ಗೆ ತನಕ ಕಾಯ್ತೀನಿ."

ಹಾಗೆಂದಳೇನೋ ನಿಜ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ, ಅತ್ತೆಯ ಕೋಣೆಯ ಕಡೆಯಿಂದ ಒಂದು ಕೆಮ್ಮಾದರೂ ಕೇಳಿಸೀತೇ ಎಂದು ಕಿವಿಗೊಟ್ಟಳು. ತಾನು ಹೇಳಿದ್ದು ಸರಿ, ಹೇಳಿದ ರೀತಿ ಸರಿಯಿತ್ತೋ ಇಲ್ಲವೋ ಎಂದು ಯೋಚಿಸಿದಳು. ತಟ್ಟೆಯಲ್ಲಿ ತಂದಿಟ್ಟದ್ದು ಒರಟಾಯಿತು ಅನಿಸಿತು.

ಬೆಳಗ್ಗೆ ಎದ್ದು ಗ್ಯಾರೇಜಿನ ಕಡೆ ಬಂದಾಗ ಬಾಗಿಲು ತೆರೆದಿತ್ತು. ಒಳಗೆ ಪೆಟ್ರೋಲಿನ ವಾಸನೆ. ಅತ್ತೆ ಕೋಟು ತೊಟ್ಟು ಸ್ಟೂಲಿನ ಮೇಲೆ ಕೂತಿದ್ದರು. ಗ್ರೀಸಿನ ಡಬ್ಬಿಯನ್ನು ದೂರದ ಹಲಗೆಯ ಮೇಲಿಟ್ಟಿದ್ದರು. ಮಡಿಲಲ್ಲಿ ಬಿಳಿ ಬಟ್ಟೆ ಹಾಸಿ, ಸೆನ್ಸರಿನ ತಳವನ್ನು ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಒರೆಸುತ್ತಿದ್ದರು. ಬೋಲ್ಟು ತಟ್ಟೆಯಲ್ಲಿ ಒಂದೇ ಇತ್ತು, ಮೈಮೇಲೆ ಒಂದು ಹನಿ ಎಣ್ಣೆಯಿಲ್ಲದೆ.

"ಬ್ಲಾಕಿನ ಮೈ ಒರೆಸಿದ್ನಾ ಅವನು?" ಎಂದರು, ತಲೆ ಎತ್ತದೆ.

"ಇಲ್ಲ ಅತ್ತೆ."

"ಅಲ್ಲೂ ಗ್ರೀಸ್ ಇರುತ್ತೆ. ಇದನ್ನೊಂದು ಒರೆಸಿದ್ರೆ ಸಾಕಾ? ಕರಿ ಅವನನ್ನ."

ಮಗ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಓಡಿ ಬಂದ. ಅಮ್ಮ ಹೇಳಿದ ಹಾಗೆ ಬಟ್ಟೆಯನ್ನು ಪೆಟ್ರೋಲಿನಲ್ಲಿ ಅದ್ದಿ, ತೋಳು ತೂರಿಸಿ, ಬೆರಳಿಗೆ ಲೋಹ ಕಿರುಗುಟ್ಟುವವರೆಗೆ ಒರೆಸಿದ. ಆಮೇಲೆ ಎಂದಿನಂತೆ, ನೋಡದೆಯೇ, ಹಿಂದಕ್ಕೆ ಕೈ ಚಾಚಿದ. ಅತ್ತೆ ಸೆನ್ಸರನ್ನೂ ಒಣ ಬೋಲ್ಟನ್ನೂ ಆ ಕೈಯ ಹತ್ತಿರ ತಂದರು. ಇಡಲಿಲ್ಲ.

"ತಿರುಗಿ ನೋಡಿ ತಗೋ," ಎಂದರು.

ಅವನು ತಿರುಗಿ, ಅಮ್ಮನ ಅಂಗೈಯಲ್ಲಿದ್ದದ್ದನ್ನು ನೋಡಿ, ತೆಗೆದುಕೊಂಡ.

ಅಳತೆಯ ಸ್ಪ್ಯಾನರು ಕಟ್ ಎಂದಿತು. ಅವಳು ಎಂಜಿನ್ ಚಾಲೂ ಮಾಡಿ ರೇಸ್ ಹಿಡಿದಳು. ಅವನು ಸುತ್ತಿಗೆ ಎತ್ತಿಕೊಂಡ. ಅತ್ತೆ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಸ್ಕ್ಯಾನರಿನ ಪರದೆಯ ಮೇಲೆ ಕಣ್ಣಿಟ್ಟು, ತಾವೇ ತಟ್ಟಿದರು. ಅಂಕಿ ಕುಸಿಯಿತು. ಸುತ್ತಿಗೆ ನಿಲ್ಲಿಸಿದರು, ಅಂಕಿ ಮೆಲ್ಲಗೆ ಮೇಲೆ ಬಂತು. ಮತ್ತೆ ತಟ್ಟಿದರು. ಮತ್ತೆ ಕುಸಿಯಿತು. ಅವರು ಎಷ್ಟು ಹೊತ್ತು ಹಾಗೆ ತಟ್ಟುತ್ತ ನಿಂತರೆಂದರೆ, ಕೊನೆಗೆ ಮಗನೇ "ಸಾಕಮ್ಮ, ಪೇಂಟ್ ಹೋಗುತ್ತೆ," ಎನ್ನಬೇಕಾಯಿತು.

"ನಾನೂ ಬರ್ತೀನಿ," ಎಂದು ಅವರು ವ್ಯಾನಿನ ಮುಂದಿನ ಸೀಟು ಹತ್ತಿ ಕೂತರು.

ದಾರಿಯಲ್ಲಿ ಒಬ್ಬೊಬ್ಬರನ್ನೇ ಹತ್ತಿಸಿಕೊಂಡರು. ಟೇಲರ್ ಕಂಬಿ ಹಿಡಿದು ಹತ್ತಿ, ಅತ್ತೆಯನ್ನು ನೋಡಿ, "ಓಹೋ, ಇವತ್ತು ತಳ್ಳೋಕೆ ಆಳು ಜಾಸ್ತಿ ಇದಾರೆ," ಎಂದ.

"ಬಾಯಿ ಮುಚ್ಕೊಂಡು ಕೂತ್ಕೊಳಪ್ಪ," ಎಂದರು ಅತ್ತೆ.

ಏರು ಶುರುವಾಯಿತು. ಮೊದಲನೇ ತಿರುವು ಕಳೆಯಿತು. ಎರಡನೇ ತಿರುವಿಗೆ ಬರುವಾಗ ಯಾರೂ ಮಾತಾಡಲಿಲ್ಲ. ಅವಳ ಎಡಗೈ ಗೇರಿನ ಮೇಲಿತ್ತು, ಇಳಿಸಲು ಸಿದ್ಧವಾಗಿ. ಕಾಲು ಒತ್ತಿದಳು. ವ್ಯಾನು ಗುರ್ ಎಂದು, ತುಂಬಿದ ದನಿಯಲ್ಲಿ, ತಿರುವನ್ನು ಮೂರನೇ ಗೇರಿನಲ್ಲೇ ಹತ್ತಿತು. ಹಳದಿ ದೀಪದ ಜಾಗ ಕಪ್ಪಾಗಿಯೇ ಇತ್ತು. ಮುಂದೆ ಹೋಗುತ್ತಿದ್ದ ಲಾರಿಯನ್ನು ಅವಳು ಹಾರ್ನ್ ಹೊಡೆದು ಹಿಂದೆ ಹಾಕಿದಳು, ಅಗತ್ಯಕ್ಕಿಂತ ಒಂದು ಸಲ ಜಾಸ್ತಿಯೇ ಹೊಡೆದಳು. ಅವಳ ಕಣ್ಣು ಮಂಜಾಯಿತು. ಡ್ರೈವರಿಗೆ ಅದು ಒಳ್ಳೆಯದಲ್ಲವೆಂದು ಬೇಗ ಒರೆಸಿಕೊಂಡಳು. ಹಿಂದಿನಿಂದ ಟೇಲರ್ ಚಪ್ಪಾಳೆ ತಟ್ಟಿದ. ಅತ್ತೆ ಮಾತ್ರ ಮುಂದಿನ ರಸ್ತೆಯನ್ನು ನೋಡುತ್ತಿದ್ದರು.

ನಾಲ್ವರೂ ಅವರವರ ಮೆಷಿನ್ನಿನ ಪಕ್ಕ ಮಲಗಿದರು. ಹಿರಿಯ ನರ್ಸ್ ಕಿಟಕಿಯಿಂದ ಕೈ ಎತ್ತಿ ಒಳಗೆ ಹೋದರು. ಅತ್ತೆ ಸೊಸೆ ಇಬ್ಬರೂ ಆಸ್ಪತ್ರೆಯ ಅಂಗಳದಲ್ಲಿ, ವ್ಯಾನಿನ ತೆರೆದ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತರು.

"ಅತ್ತೆ, ಮೊನ್ನೆ ನಾನು ಹಾಗೆ ತಟ್ಟೆಯಲ್ಲಿ ತಂದಿಟ್ಟದ್ದು..."

"ತಟ್ಟೆ ಇರೋದೇ ಅದಕ್ಕೆ." ಅವರು ಕೋಟಿನ ಜೇಬಿನೊಳಗೆ ಕೈ ಹಾಕಿ ವಾಷರನ್ನು ತಡವಿದರು. "ಬೇಕರಿಯವನ ನಂಬರ್ ಇದೆಯಾ ನಿನ್ನತ್ರ?"

"ಇದೆ. ನಿಮ್ಮ ಮಗನೇ ಹೇಳ್ತಾರೆ ಬಿಡಿ, ಸಂಜೆ ಮನೆಗೆ ಹೋದ ಮೇಲೆ."

"ಅವನು ನೆಲ ನೋಡ್ತಾನೆ. ನೀನು ಫೋನ್ ಹಚ್ಚಿ ಕೊಡು."

ಅವಳು ಹಚ್ಚಿ ಕೊಟ್ಟಳು. ಅತ್ತೆ ಫೋನನ್ನು ಕಿವಿಗೆ ಒತ್ತಿ ಹಿಡಿದು, ಎಂದಿಗಿಂತ ಜೋರಾಗಿ ಮಾತಾಡಿದರು. "ನಾನಪ್ಪ, ಗ್ಯಾರೇಜಿನ ಅಮ್ಮ. ನಿನ್ನ ಗಾಡಿ ಏರಿನಲ್ಲಿ ಎಳೀತಿಲ್ಲ ಅಂದಿದ್ದೆಯಲ್ಲ? ನಾಳೆ ತಗೊಂಡು ಬಾ. ಪೆಟ್ರೋಲ್ ಸರಿಯಾಗೇ ಇದೆ. ಇಲ್ಲ, ಹೊಸದೇನೂ ಹಾಕೋದು ಬೇಡ. ಒಂದು ಬೋಲ್ಟ್ ಬಿಚ್ಚಬೇಕು. ನಾನು ಕೊಟ್ಟಿದ್ದು."

ಆ ಕಡೆಯವನು ಏನು ಹೇಳಿದನೋ, ಅವರು ಕೇಳಿಸಿಕೊಂಡರು, ಫೋನನ್ನು ಸೊಸೆಗೆ ವಾಪಸು ಕೊಟ್ಟರು.

"ಟ್ಯಾಕ್ಸಿಯವರಿಗೆ ಹಚ್ಚು," ಎಂದರು.

ಅವಳು ನಂಬರ್ ಹುಡುಕುತ್ತಿರುವಾಗ ಅತ್ತೆ ಜೇಬಿನಿಂದ ಬಿಳಿ ಬಟ್ಟೆಯ ತುಂಡನ್ನು ತೆಗೆದು, ಬೆರಳುಗಳನ್ನು ಒಂದೊಂದಾಗಿ ಒರೆಸತೊಡಗಿದರು. ಬೆರಳುಗಳಲ್ಲಿ ಏನೂ ಇರಲಿಲ್ಲ.